ಇಷ್ಟದ ಹಾಡಿಗೆ ಸ್ಟ್ರಮ್ಮಿಂಗ್ ಕೂರಿಸುವುದು ಹೇಗೆ? ಬಲಗೈ ನಿಲ್ಲಬಾರದು, ಅಷ್ಟೇ

ಗಿಟಾರ್‌ನಲ್ಲಿ ಜಿ, ಸಿ, ಡಿ, ಇ ಮೈನರ್ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳನ್ನು) ಹಿಡಿಯೋಕೆ ಬರುತ್ತದೆ. ಹಾಡಿನ ಕಾರ್ಡ್‌ಗಳು ಸಿಕ್ಕಿವೆ, ಯಾವ ಪದದ ಮೇಲೆ ಯಾವ ಕಾರ್ಡ್ ಅನ್ನೋದೂ ಗೊತ್ತು. ಆದರೂ ನುಡಿಸಿದರೆ ಅದು ಆ ಹಾಡಿನ ಹಾಗೆ ಕೇಳಿಸುವುದೇ ಇಲ್ಲ. ಗಿಟಾರ್ ಹಿಡಿದ ಸ್ವಲ್ಪ ದಿನಕ್ಕೆ ತುಂಬಾ ಜನ ಬಂದು ನಿಲ್ಲುವ ಜಾಗ ಇದು.

ಆಗ ಸಾಮಾನ್ಯವಾಗಿ ಮಾಡುವುದೇನು ಅಂದರೆ ಆ ಹಾಡಿನ ಸ್ಟ್ರಮ್ಮಿಂಗ್ ಪ್ಯಾಟರ್ನ್, ಅಂದರೆ ತಂತಿಗಳನ್ನು ಮೇಲೆ ಕೆಳಗೆ ಬಾರಿಸುವ ಕ್ರಮ, ಹುಡುಕುವುದು. ಡೌನ್, ಡೌನ್, ಅಪ್, ಅಪ್, ಡೌನ್, ಅಪ್ ಅಂತ ಬಾಣದ ಗುರುತುಗಳ ಒಂದು ಸಾಲು ಸಿಗುತ್ತದೆ. ಅದನ್ನು ಬಾಯಿಪಾಠ ಮಾಡಿ ನುಡಿಸಿದರೂ ಸರಿ ಬರಲ್ಲ, ಯಾಕೆಂದರೆ ಕೈ ಯಾವ ಕಡೆ ಹೋಗಬೇಕು ಅಂತ ಆ ಬಾಣಗಳು ಹೇಳುತ್ತವೆ, ಯಾವಾಗ ಹೋಗಬೇಕು ಅಂತ ಹೇಳುವುದಿಲ್ಲ. ಲಯ ಇರುವುದು ಆ ‘ಯಾವಾಗ’ದಲ್ಲಿ. ಹಾಗಾಗಿ ಪ್ಯಾಟರ್ನ್‌ಗಳನ್ನು ಒಂದೊಂದಾಗಿ ಕಲಿಯುವುದಕ್ಕಿಂತ, ಬಲಗೈಯನ್ನು ಹಾಡಿನ ಬೀಟ್‌ಗೆ ಕಟ್ಟಿಹಾಕಿ ನಿಲ್ಲಿಸದೆ ಆಡಿಸುವುದನ್ನು ಕಲಿಯಿರಿ. ಅದು ಬಂದರೆ ಪ್ಯಾಟರ್ನ್ ನೀವೇ ಕಂಡುಕೊಳ್ಳುತ್ತೀರಿ. (ಎಡಗೈಯಲ್ಲಿ ಬಾರಿಸುವವರು ಬಲ ಅಂದ ಕಡೆ ಎಡ ಅಂತ ಓದಿಕೊಳ್ಳಿ.)

ಮೊದಲು ಗಿಟಾರ್ ಕೆಳಗಿಡಿ

ನಿಜವಾಗಲೂ ಕೆಳಗಿಡಿ. ಹಾಡು ಹಾಕಿ, ಕಾಲಲ್ಲಿ ತಟ್ಟಿ. ಯೋಚನೆ ಮಾಡದೆ ಕಾಲು ತಾನಾಗಿ ಎಲ್ಲಿ ಬೀಳುತ್ತದೋ ಅದೇ ಬೀಟ್. ಈಗ ಆ ಬೀಟ್‌ಗಳನ್ನು ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿ. ಸಿನಿಮಾ, ಪಾಪ್, ರಾಕ್ ಹಾಡುಗಳಲ್ಲಿ ಹೆಚ್ಚಿನವು ನಾಲ್ಕರ ಲೆಕ್ಕಕ್ಕೆ ಸರಿಯಾಗಿ ಕೂರುತ್ತವೆ. ಕೂರದಿದ್ದರೆ ಮೂರಕ್ಕೋ ಆರಕ್ಕೋ ಎಣಿಸಿ ನೋಡಿ, ಅದರ ವಿಷಯ ಮುಂದೆ ಹೇಳುತ್ತೇನೆ.

‘ಒಂದು’ ಎಲ್ಲಿದೆ ಅಂತ ಪತ್ತೆ ಹಚ್ಚುವುದು ಇಲ್ಲಿ ಮುಖ್ಯ. ಡ್ರಮ್ಸ್ ಇರುವ ಹಾಡಾದರೆ ಗಮನಿಸಿ: ‘ಢುಂ’ ಅನ್ನುವ ದಪ್ಪ ಸದ್ದು, ಅಂದರೆ ಕಿಕ್, ಸಾಮಾನ್ಯವಾಗಿ ಒಂದರ ಮೇಲೆ ಬೀಳುತ್ತದೆ. ‘ಟಪ್’ ಅನ್ನುವ ಚೂಪು ಸದ್ದು, ಅಂದರೆ ಸ್ನೇರ್, ಎರಡು ಮತ್ತು ನಾಲ್ಕರ ಮೇಲೆ ಬೀಳುತ್ತದೆ. ಕಾರ್ಡ್ ಬದಲಾಗುವುದೂ ಬಹಳ ಸಲ ಒಂದರ ಮೇಲೇ. ಹಾಡಿನ ಪದಗಳನ್ನು ಮಾತ್ರ ನಂಬಬೇಡಿ. ಎಷ್ಟೋ ಸಾಲುಗಳು ಒಂದಕ್ಕಿಂತ ಸ್ವಲ್ಪ ಮುಂಚೆಯೇ ಶುರುವಾಗುತ್ತವೆ, ಇಲ್ಲ ಒಂದು ಕಳೆದ ಮೇಲೆ ಬರುತ್ತವೆ. ಹಾಡುವವರ ಬಾಯಿಯನ್ನು ಹಿಂಬಾಲಿಸಿ ಎಣಿಸಿದರೆ ಲೆಕ್ಕ ಜಾರುತ್ತದೆ.

ಇದರ ಜೊತೆಗೆ ವೇಗವನ್ನೂ ಬರೆದುಕೊಳ್ಳಿ. 15 ಸೆಕೆಂಡಿನಲ್ಲಿ ಎಷ್ಟು ಸಲ ಕಾಲು ತಟ್ಟಿದಿರಿ ಅಂತ ಎಣಿಸಿ ನಾಲ್ಕರಿಂದ ಗುಣಿಸಿ. 24 ಸಲ ತಟ್ಟಿದ್ದರೆ ಹಾಡು 96 ಬಿಪಿಎಂ, ಅಂದರೆ ನಿಮಿಷಕ್ಕೆ 96 ಬೀಟ್. ಈ ನಂಬರ್ ಮುಂದೆ ಬೇಕಾಗುತ್ತದೆ.

ಕಾರ್ಡ್ ಇಲ್ಲದೆ ಬಲಗೈ

ಈಗ ಗಿಟಾರ್ ಎತ್ತಿಕೊಳ್ಳಿ. ಕಾರ್ಡ್ ಬೇಡ. ಎಡಗೈ ಬೆರಳುಗಳನ್ನು ಆರೂ ತಂತಿಗಳ ಮೇಲೆ ಸುಮ್ನೆ ಮುಟ್ಟಿಸಿ, ಒತ್ತಬೇಡಿ. ಬಾರಿಸಿದರೆ ‘ಛಕ್’ ಅನ್ನುವ ಒಣ ಸದ್ದು ಬರಬೇಕು. ಸ್ವರ ಕೇಳಿಸಿದರೆ ಇನ್ನೊಂದು ಬೆರಳು ಸೇರಿಸಿ, ನಿಲ್ಲುತ್ತದೆ. ಹೀಗೆ ಮಾಡಿದರೆ ಬೆರಳು ನೋವಿನ ಗೊಡವೆ ಇಲ್ಲ, ಕಾರ್ಡ್ ಬದಲಿಸುವ ಚಿಂತೆ ಇಲ್ಲ. ಪೂರ್ತಿ ಗಮನ ಬಲಗೈಗೇ ಸಿಗುತ್ತದೆ.

ಪಿಕ್ (ತಂತಿ ಬಾರಿಸುವ ಚಿಕ್ಕ ಬಿಲ್ಲೆ) ತೆಳ್ಳಗಿರಲಿ. 0.46ರಿಂದ 0.60 ಮಿಲಿಮೀಟರ್ ನಡುವಿನದು ಸ್ಟ್ರಮ್ಮಿಂಗ್‌ಗೆ ಸುಲಭ, ತಂತಿಗೆ ತಾಗಿದಾಗ ತಾನೇ ಬಾಗುತ್ತದೆ. ದಪ್ಪ ಪಿಕ್ ಆದರೆ ಆ ಬಾಗುವ ಕೆಲಸವನ್ನೂ ನಿಮ್ಮ ಮಣಿಕಟ್ಟೇ ಮಾಡಬೇಕು. ತೋರುಬೆರಳನ್ನು ಮಡಚಿ ಅದರ ಪಕ್ಕಕ್ಕೆ ಪಿಕ್ ಇಟ್ಟು ಮೇಲೆ ಹೆಬ್ಬೆರಳು ಇಡಿ. ತುದಿ ಮಾತ್ರ ಸ್ವಲ್ಪ ಹೊರಗೆ ಕಾಣಲಿ. ಜಾಸ್ತಿ ಹೊರಗಿದ್ದರೆ ತಂತಿಗೆ ಸಿಕ್ಕಿಕೊಂಡು ತಿರುಗಿಬಿಡುತ್ತದೆ. ಹಿಡಿತ ಹಗುರ ಇರಲಿ, ಪಿಕ್ ಬೀಳದಷ್ಟು ಸಾಕು.

ಕೈ ಆಡಬೇಕಾದದ್ದು ಹೆಚ್ಚಾಗಿ ಮಣಿಕಟ್ಟಿನಿಂದ, ಜೊತೆಗೆ ಮುಂಗೈ ಸ್ವಲ್ಪ ತಿರುಗುತ್ತದೆ. ತೊಳೆದ ಕೈಯಿಂದ ನೀರು ಒದರುತ್ತೀರಲ್ಲ, ಅದೇ ಚಲನೆ. ಮೊಣಕೈಯಿಂದ ಇಡೀ ತೋಳು ಬೀಸಿದರೆ ಎರಡು ನಿಮಿಷಕ್ಕೆ ಭುಜ ಬಿಗಿಯಾಗುತ್ತದೆ, ವೇಗದ ಹಾಡಿಗೆ ಕೈ ಓಡುವುದೇ ಇಲ್ಲ. ಇನ್ನೊಂದು ವಿಷಯ, ಪಿಕ್ ತಂತಿಗಳ ಆಳಕ್ಕೆ ಇಳಿಯಬಾರದು. ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು.

ಇನ್ನು ಲೆಕ್ಕ. ಪ್ರತಿ ಬೀಟನ್ನು ಎರಡು ಭಾಗ ಮಾಡಿ ಬಾಯಲ್ಲಿ ‘ತಕ ತಕ ತಕ ತಕ’ ಅನ್ನಿ. ‘ತ’ ಬಂದಾಗ ಕೈ ಕೆಳಗೆ, ‘ಕ’ ಬಂದಾಗ ಕೈ ಮೇಲೆ. ಕಾಲು ‘ತ’ದ ಮೇಲೆ ಮಾತ್ರ ತಟ್ಟುತ್ತದೆ. ಅಂದರೆ ಕಾಲು ಕೆಳಗೆ ಹೋದಾಗ ಕೈಯೂ ಕೆಳಗೆ, ಕಾಲು ಎತ್ತಿದಾಗ ಕೈಯೂ ಮೇಲೆ. ಈ ಜೋಡಿಯೇ ಇಡೀ ಸ್ಟ್ರಮ್ಮಿಂಗ್‌ನ ಅಡಿಪಾಯ, ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಂದೇ ಸಮನೆ ‘ಟಿಕ್ ಟಿಕ್’ ಅಂತ ಬೀಟ್ ಕೊಡುವ ಮೆಟ್ರೊನೋಮನ್ನು 60 ಬಿಪಿಎಂಗೆ ಇಟ್ಟು ಇದನ್ನೇ ಮಾಡಿ. ಮೊಬೈಲಿನಲ್ಲಿ ಉಚಿತ ಮೆಟ್ರೊನೋಮ್ ಆ್ಯಪ್‌ಗಳು ಬೇಕಾದಷ್ಟಿವೆ. 60 ತುಂಬಾ ನಿಧಾನ ಅನ್ನಿಸುತ್ತದೆ, ಅಲ್ವಾ? ನಿಧಾನದಲ್ಲೇ ಕೈ ಅವಸರ ಮಾಡುವುದು ಕಣ್ಣಿಗೆ ಕಾಣುವುದು.

ಪ್ಯಾಟರ್ನ್ ಹುಟ್ಟುವುದು ಹೇಗೆ

ಕೈ ಒಂದೇ ಸಮನೆ ಆಡತೊಡಗಿದ ಮೇಲೆ, ಕೆಲವು ಸಲ ತಂತಿಗೆ ತಾಗಿಸದೆ ಗಾಳಿಯಲ್ಲಿ ಹಾಯಿಸಿ. ಪ್ಯಾಟರ್ನ್ ಅಂದರೆ ಇಷ್ಟೇ: ನಿಲ್ಲದೆ ಆಡುವ ಕೈ, ಅದರಲ್ಲಿ ಕೆಲವು ಖಾಲಿ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ತುಂಬಾ ಹಾಡುಗಳಿಗೆ ಒಗ್ಗುವ ಆ ಹಳೆಯ ಡೌನ್, ಡೌನ್-ಅಪ್, ಅಪ್-ಡೌನ್-ಅಪ್. ಇದರಲ್ಲಿ ಬಾಣಗಳು ಆರು, ಆದರೆ ಒಂದು ಬಾರಿನಲ್ಲಿ (ಬಾರ್ ಅಂದರೆ ಎಣಿಕೆಯ ಒಂದು ಸುತ್ತು, ಇಲ್ಲಿ ನಾಲ್ಕು ಬೀಟ್) ಕೈ ಆಡುವುದು ಎಂಟು ಸಲ. ಎಂಟೂ ಬರೆದರೆ ಹೀಗಿರುತ್ತದೆ:

ಒಂದನೇ ಬೀಟ್: ತ (ಬಾರಿಸಿ), ಕ (ಖಾಲಿ)
ಎರಡನೇ ಬೀಟ್: ತ (ಬಾರಿಸಿ), ಕ (ಬಾರಿಸಿ)
ಮೂರನೇ ಬೀಟ್: ತ (ಖಾಲಿ), ಕ (ಬಾರಿಸಿ)
ನಾಲ್ಕನೇ ಬೀಟ್: ತ (ಬಾರಿಸಿ), ಕ (ಬಾರಿಸಿ)

ಜನ ಎಡವುವುದು ಮೂರನೇ ಬೀಟ್‌ನಲ್ಲಿ. ಎರಡರ ‘ಕ’ ಬಾರಿಸಿದ ಮೇಲೆ ಕೈ ಮೇಲೆ ಇರುತ್ತದೆ. ಮುಂದಿನ ಸದ್ದೂ ಅಪ್, ಅಂದರೆ ಮತ್ತೆ ಕೆಳಗಿನಿಂದ ಬರಬೇಕು. ಹಾಗಾದರೆ ಕೈ ಕೆಳಗೆ ಹೋಗುವುದು ಯಾವಾಗ? ಸರಿಯಾಗಿ ಮೂರನೇ ಬೀಟ್ ಮೇಲೆ, ಕಾಲು ನೆಲ ಮುಟ್ಟುವ ಕ್ಷಣದಲ್ಲೇ, ತಂತಿಗೆ ತಾಗದೆ. ಬಾಣ ನೋಡಿ ಕಲಿತವರು ಇಲ್ಲಿ ಕೈಯನ್ನು ಮೇಲೇ ಹಿಡಿದು ನಿಲ್ಲಿಸಿ, ಆಮೇಲೆ ಗಡಿಬಿಡಿಯಲ್ಲಿ ಕೆಳಗಿಳಿಸಿ ಅಪ್ ಬಾರಿಸುತ್ತಾರೆ. ಆ ಅಪ್ ಒಂದು ಸಲ ಬೇಗ, ಒಂದು ಸಲ ತಡ. ಕೇಳುವವರಿಗೆ ಏನೋ ಕುಂಟುತ್ತಿದೆ ಅನ್ನಿಸುತ್ತದೆ. ಖಾಲಿ ಡೌನ್‌ಗೂ ಬಾಯಲ್ಲಿ ‘ತ’ ಅನ್ನುವುದನ್ನು ಬಿಡಬೇಡಿ. ಬಾಯಿ ಎಂಟೂ ಅಕ್ಷರ ಹೇಳಲಿ, ತಂತಿ ಆರು ಮಾತ್ರ ನುಡಿಯಲಿ.

ಇದು ಒಂದೇ ಸಲಕ್ಕೆ ಬರದಿದ್ದರೆ ಹಿಂದಕ್ಕೆ ಹೋಗಿ. ಬಾರಿಗೆ ಒಂದೇ ಡೌನ್, ಉಳಿದ ಏಳೂ ಖಾಲಿ. ಆಮೇಲೆ ನಾಲ್ಕು ‘ತ’ಗಳೂ. ಆಮೇಲೆ ಎಂಟೂ. ಕೊನೆಗೆ ಎಂಟರಿಂದ ಒಂದೊಂದನ್ನೇ ಕಳೆಯುತ್ತಾ ಬನ್ನಿ. ಹಾಡಿಗೆ ನಾಲ್ಕು ಡೌನ್ ಮಾತ್ರ ಬಾರಿಸಿದರೂ, ಬೀಟ್ ಗಟ್ಟಿಯಿದ್ದರೆ, ಅದು ಹಾಡಿನ ಹಾಗೇ ಕೇಳಿಸುತ್ತದೆ. ತಡವರಿಸುವ ಕಷ್ಟದ ಪ್ಯಾಟರ್ನ್‌ಗಿಂತ ಅದು ಎಷ್ಟೋ ವಾಸಿ.

ಹಾಡಿನಿಂದಲೇ ಪ್ಯಾಟರ್ನ್ ತೆಗೆಯುವುದು

ಇಯರ್‌ಫೋನ್ ಹಾಕಿ ಕೇಳಿ. ಅಕೌಸ್ಟಿಕ್ ಗಿಟಾರ್ ಇರುವ ಹಾಡುಗಳಲ್ಲಿ ಎಷ್ಟೋ ಸಲ ಅದನ್ನು ಎಡಕ್ಕೋ ಬಲಕ್ಕೋ ಸರಿಸಿ ಇಟ್ಟಿರುತ್ತಾರೆ. ಒಂದೊಂದೇ ಕಿವಿಯಲ್ಲಿ ಕೇಳಿದರೆ ಅದು ಬೇರೆಯಾಗಿ ಸಿಗುತ್ತದೆ. ಗಿಟಾರೇ ಇಲ್ಲದ ಹಾಡಾದರೆ ಹೈ-ಹ್ಯಾಟ್ ಹಿಡಿಯಿರಿ, ಡ್ರಮ್ಸ್‌ನಲ್ಲಿ ‘ಟ್ಸ್ ಟ್ಸ್’ ಅಂತ ಓಡುತ್ತಿರುತ್ತದಲ್ಲ, ಅದು. ನಿಮ್ಮ ಕೈ ಎಷ್ಟು ವೇಗವಾಗಿ ಆಡಬೇಕು ಅಂತ ಹೈ-ಹ್ಯಾಟ್ ಹೇಳಿಕೊಡುತ್ತದೆ. ತಬಲಾ, ಢೋಲಕ್ ಇರುವ ಹಾಡಾದರೆ ಅದರ ನಡೆಯೇ ದಾರಿ ತೋರಿಸುತ್ತದೆ. ಯೂಟ್ಯೂಬ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ಶ್ರುತಿ ಬದಲಾಗದೆ ಹಾಡು ನಿಧಾನ ಆಗುತ್ತದೆ, ಜೊತೆಗೆ ನುಡಿಸುತ್ತಾ ಕಲಿಯಬಹುದು.

ನಿಮಗೆ ಕೇಳಿಸಿದ ಗಿಟಾರ್ ಲಯವನ್ನು ಮೊದಲು ಬಾಯಲ್ಲಿ ‘ಝಂ... ಝಂಝ... ಝಝಂಝ’ ಅಂತ ಹಾಡಿಕೊಳ್ಳಿ. ಕಾಲು ತಟ್ಟುತ್ತಲೇ ಇರಲಿ. ಈಗ ಒಂದೊಂದು ಸದ್ದೂ ಕಾಲು ಕೆಳಗಿದ್ದಾಗ ಬಂತೋ, ಮೇಲಿದ್ದಾಗ ಬಂತೋ ನೋಡಿ. ಕೆಳಗಿದ್ದಾಗ ಬಂದದ್ದು ಡೌನ್, ಮೇಲಿದ್ದಾಗ ಬಂದದ್ದು ಅಪ್. ಇದರಲ್ಲಿ ಊಹೆಗೆ ಜಾಗವೇ ಇಲ್ಲ, ದಿಕ್ಕು ತಾನಾಗಿ ನಿರ್ಧಾರ ಆಗುತ್ತದೆ.

ಒಂದು ತೊಡಕು ಇದೆ. ನಿಧಾನದ ಹಾಡುಗಳಲ್ಲಿ, ಹೆಚ್ಚುಕಡಿಮೆ 90 ಬಿಪಿಎಂಗಿಂತ ಕೆಳಗೆ, ಬೀಟ್‌ಗೆ ಎರಡು ಸಲ ಆಡುವ ಕೈ ಸಾಲುವುದಿಲ್ಲ. ಎರಡು ಬಾರಿಸುವಷ್ಟರಲ್ಲಿ ಹಾಡಿನ ಗಿಟಾರ್ ನಾಲ್ಕು ಬಾರಿಸಿರುತ್ತದೆ. ಅಂಥ ಕಡೆ ‘ತಕಧಿಮಿ’ ಅನ್ನಿ, ಒಂದೇ ಬೀಟ್‌ಗೆ ನಾಲ್ಕು. ತ ಡೌನ್, ಕ ಅಪ್, ಧಿ ಡೌನ್, ಮಿ ಅಪ್. ಕೈ ದುಪ್ಪಟ್ಟು ವೇಗದಲ್ಲಿ ಆಡುತ್ತದೆ, ಕಾಲು ಮಾತ್ರ ಮೊದಲಿನ ಹಾಗೇ ‘ತ’ದ ಮೇಲೆ. ‘ಇದೇ ಪ್ಯಾಟರ್ನ್ ನುಡಿಸ್ತಿದ್ದೀನಿ, ಆದ್ರೂ ಹಾಡು ಎಳೆದ ಹಾಗಿದೆ’ ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ. ಪ್ಯಾಟರ್ನ್ ಸರಿ ಇರುತ್ತದೆ, ಅದನ್ನು ಎರಡರ ಬದಲು ನಾಲ್ಕರ ಲೆಕ್ಕದಲ್ಲಿ ಬಾರಿಸಬೇಕಿರುತ್ತದೆ.

ಕಾರ್ಡ್ ಬದಲಿಸುವಾಗ ನಿಲ್ಲುವ ಕೈ

ಇದು ಎಲ್ಲರಿಗೂ ಆಗುವ ಸಂಕಟ. ಜಿಯಿಂದ ಸಿಗೆ ಬೆರಳು ಹೋಗುವವರೆಗೆ ಬಲಗೈ ಕಾಯುತ್ತದೆ. ಹಾಡು ಆ ಒಂದು ಕ್ಷಣ ಉಸಿರು ಹಿಡಿದು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಪ್ರತಿ ಬಾರಿಗೂ ಇದೇ ಆದರೆ ಕೇಳುವವರಿಗೆ ಹಾಡು ಸಿಗುವುದೇ ಇಲ್ಲ.

ಇಲ್ಲಿ ಬಲಗೈ ಯಜಮಾನ, ಎಡಗೈ ಅದನ್ನು ಓಡಿ ಹಿಡಿಯಬೇಕು. ಕಾರ್ಡ್ ಸರಿಯಾಗಿ ಕೂರದಿದ್ದರೂ ಪರವಾಗಿಲ್ಲ, ಒಂದೆರಡು ತಂತಿ ‘ಠಪ್’ ಅಂದರೂ ಪರವಾಗಿಲ್ಲ, ಬಲಗೈ ನಿಲ್ಲಬಾರದು. ಬಾರಿನ ಕೊನೆಯ ಅಪ್, ಅಂದರೆ ನಾಲ್ಕರ ‘ಕ’, ಬಾರಿಸುವಾಗಲೇ ಎಡಗೈ ಕಾರ್ಡ್ ಬಿಟ್ಟು ಹೊರಡಲಿ. ಆ ಅಪ್ ತೆರೆದ ತಂತಿಗಳ ಮೇಲೆ ಬೀಳುತ್ತದೆ, ಬೀಳಲಿ ಬಿಡಿ. ಹಾಡಿನ ಓಟದಲ್ಲಿ ಅದು ತಪ್ಪಾಗಿ ಕೇಳಿಸುವುದು ಕಮ್ಮಿ, ಪಳಗಿದವರೂ ಹೀಗೇ ಮಾಡುತ್ತಾರೆ. ಬಿ ಮೈನರ್, ಎಫ್ ತರಹದ ಬಾರೆ ಕಾರ್ಡ್ (ಒಂದೇ ಬೆರಳಿನಿಂದ ಹಲವು ತಂತಿ ಒತ್ತುವಂಥದ್ದು) ಬರುವಾಗ ಇನ್ನೂ ಮುಂಚೆ ಹೊರಡಿ.

ಯಾವ ಜೋಡಿ ತೊಂದರೆ ಕೊಡುತ್ತದೋ ಅದನ್ನು ಮಾತ್ರ ಹೊರತೆಗೆದು ಅಭ್ಯಾಸ ಮಾಡಿ. ಒಂದು ನಿಮಿಷದ ಟೈಮರ್ ಇಟ್ಟು ಆ ಎರಡು ಕಾರ್ಡ್ ನಡುವೆ ಹೋಗಿ ಬನ್ನಿ, ಎಷ್ಟು ಬದಲಾವಣೆ ಆಯಿತು ಅಂತ ಎಣಿಸಿ. ಹಾಡು 96 ಬಿಪಿಎಂ ಇದ್ದು ಬಾರಿಗೊಂದು ಕಾರ್ಡ್ ಬದಲಾದರೆ ನಿಮಿಷಕ್ಕೆ 24 ಬದಲಾವಣೆ ಬೇಕು. ನಿಮಗೆ 40 ಆರಾಮಾಗಿ ಬಂದರೆ ಹಾಡಿನಲ್ಲಿ ಕೈ ತಡೆಯುವುದಿಲ್ಲ. 20ರಲ್ಲೇ ಇದ್ದರೆ ಸ್ಟ್ರಮ್ಮಿಂಗ್ ಎಷ್ಟು ತಿದ್ದಿದರೂ ಆ ಜಾಗದಲ್ಲಿ ನಿಲ್ಲುತ್ತೀರಿ.

ಇದಕ್ಕೆ ಸೇರಿದ ಇನ್ನೊಂದು ಗುಟ್ಟು. ಎಷ್ಟೋ ಹಾಡುಗಳಲ್ಲಿ ಹೊಸ ಕಾರ್ಡ್ ಒಂದರ ಮೇಲೆ ಬರುವುದಿಲ್ಲ, ಅದಕ್ಕಿಂತ ಅರ್ಧ ಬೀಟ್ ಮುಂಚೆ, ಹಿಂದಿನ ಬಾರಿನ ನಾಲ್ಕರ ‘ಕ’ದ ಮೇಲೇ ಬಂದುಬಿಡುತ್ತದೆ. ಹಾಡು ಮುಂದಕ್ಕೆ ತಳ್ಳಿದ ಹಾಗೆ ಕೇಳಿಸುವುದು ಇದರಿಂದಲೇ. ಅಂಥ ಹಾಡಿನಲ್ಲಿ ಆ ಅಪ್ ತೆರೆದ ತಂತಿಗೆ ಬಿಡುವ ಹಾಗಿಲ್ಲ. ಹೊಸ ಕಾರ್ಡ್ ಹಿಡಿದು ಅಪ್ ಜೋರಾಗಿ ಬಾರಿಸಿ, ಮುಂದಿನ ಒಂದರ ಡೌನ್ ಖಾಲಿ ಬಿಡಿ. ಮೊದಲು ಕೈ ಒಪ್ಪುವುದಿಲ್ಲ, ಕಾಲು ಗಟ್ಟಿಯಾಗಿ ತಟ್ಟುತ್ತಿದ್ದರೆ ನಿಧಾನಕ್ಕೆ ಒಪ್ಪುತ್ತದೆ.

ಎಲ್ಲ ಸ್ಟ್ರಮ್ ಒಂದೇ ಗಾತ್ರ ಅಲ್ಲ

ಪ್ಯಾಟರ್ನ್ ಸರಿ, ಬೀಟ್ ಸರಿ, ಆದರೂ ಸಪ್ಪೆ. ಕಾರಣ, ಎಂಟೂ ಸ್ಟ್ರಮ್ ಒಂದೇ ಜೋರು, ಆರೂ ತಂತಿ ಪ್ರತಿ ಸಲ. ಸ್ನೇರ್ ಬೀಳುವ ಎರಡು ಮತ್ತು ನಾಲ್ಕನ್ನು ಸ್ವಲ್ಪ ಜೋರು ಮಾಡಿ, ಉಳಿದದ್ದನ್ನು ಹಗುರ ಮಾಡಿ. ಇಷ್ಟು ಮಾಡಿದರೆ ಗಿಟಾರ್ ಒಳಗೇ ಡ್ರಮ್ಸ್ ಕೇಳಿಸತೊಡಗುತ್ತದೆ. ಒಂದರ ಡೌನ್ ದಪ್ಪ ತಂತಿಗಳ ಕಡೆ ಇರಲಿ. ಅಪ್ ಯಾವತ್ತೂ ಸಣ್ಣ ತಂತಿಗಳಲ್ಲಿ ಎರಡೋ ಮೂರೋ ತಾಗಿದರೆ ಸಾಕು, ಆರನೇ ತಂತಿಯವರೆಗೆ (ಎಲ್ಲಕ್ಕಿಂತ ದಪ್ಪದ್ದು, ಎಣಿಕೆ ಸಣ್ಣ ತಂತಿಯಿಂದ) ಎಳೆದುಕೊಂಡು ಹೋಗುವ ಅಗತ್ಯವೇ ಇಲ್ಲ. ಸಿ ಹಿಡಿದಾಗ ಐದನೇ ತಂತಿಯಿಂದ, ಡಿ ಹಿಡಿದಾಗ ನಾಲ್ಕನೇ ತಂತಿಯಿಂದ ಡೌನ್ ಶುರು ಮಾಡಿದರೆ ಕಾರ್ಡ್ ಚೊಕ್ಕವಾಗಿ ಕೇಳಿಸುತ್ತದೆ.

ಪಲ್ಲವಿಗೂ ಚರಣಕ್ಕೂ ಒಂದೇ ಪ್ಯಾಟರ್ನ್ ಇಟ್ಟುಕೊಂಡೇ ವ್ಯತ್ಯಾಸ ತೋರಿಸಬಹುದು. ಮೆತ್ತಗೆ ಇರಬೇಕಾದ ಕಡೆ ಕೈಯ ಆಟ ಚಿಕ್ಕದಾಗಲಿ, ಬಾರಿಸುವುದು ಕಮ್ಮಿಯಾಗಲಿ. ಹಾಡು ಏರುವ ಕಡೆ ಎಂಟನ್ನೂ ತುಂಬಿ. ವೇಗ ಮಾತ್ರ ಏರಬಾರದು. ಜೋರಾದ ಕಡೆ ವೇಗವೂ ಏರುವುದು ತುಂಬಾ ಸಹಜವಾಗಿ ಆಗಿಬಿಡುತ್ತದೆ, ಎಚ್ಚರ ಇರಲಿ.

ಮೂರು, ಆರು, ಮತ್ತು ತೂಗುವ ಹಾಡುಗಳು

ಮೂರರ ಲೆಕ್ಕದ ಹಾಡು ಸುಲಭ: ಡೌನ್, ಡೌನ್-ಅಪ್, ಡೌನ್-ಅಪ್, ಮೊದಲನೆಯದು ದಪ್ಪ.

ಆರರದ್ದು, ಅಂದರೆ 6/8, ಸ್ವಲ್ಪ ಬೇರೆ. ‘ತಕಿಟ ತಕಿಟ’ ಅನ್ನಿ, ಒತ್ತು ಬೀಳುವುದು ಎರಡು ‘ತ’ಗಳ ಮೇಲೆ. ಇದನ್ನು ಸುಮ್ನೆ ಡೌನ್-ಅಪ್-ಡೌನ್-ಅಪ್ ಅಂತ ಓಡಿಸಿದರೆ ಎರಡನೇ ‘ತ’ ಅಪ್ ಮೇಲೆ ಬೀಳುತ್ತದೆ, ಒತ್ತು ದುರ್ಬಲ ಆಗುತ್ತದೆ. ನಿಧಾನದ ಹಾಡಾದರೆ ಆರೂ ಅಕ್ಷರಕ್ಕೆ ಡೌನ್ ಬಾರಿಸಿ, ಬೇಕಾದ ಕಡೆ ನಡುವೆ ಅಪ್ ಸೇರಿಸಿ. ವೇಗದ ಹಾಡಾದರೆ ಡೌನ್-ಅಪ್-ಡೌನ್, ಡೌನ್-ಅಪ್-ಡೌನ್ ಅಂತ ಎರಡು ಗುಂಪು ಮಾಡಿ, ಒಂದು ಗುಂಪು ಮುಗಿದು ಇನ್ನೊಂದು ಶುರುವಾಗುವಾಗ ಕೈ ಬೇಗ ಮೇಲೆ ಬರಬೇಕು.

ಇನ್ನು ಷಫಲ್. ನಾಲ್ಕರ ಲೆಕ್ಕವೇ, ಆದರೆ ‘ತ’ ಉದ್ದ, ‘ಕ’ ಗಿಡ್ಡ: ‘ತಾ-ಕ ತಾ-ಕ’. ಬ್ಲೂಸ್‌ನಲ್ಲಿ ಇದು ತುಂಬಾ ಸಿಗುತ್ತದೆ. ಕೈ ಅದೇ ರೀತಿ ಆಡುತ್ತದೆ, ಅಪ್ ಮಾತ್ರ ಸ್ವಲ್ಪ ತಡವಾಗಿ ಬರುತ್ತದೆ.

ಹಾಡುತ್ತಾ ನುಡಿಸುವುದು

ಸ್ಟ್ರಮ್ಮಿಂಗ್ ಮೇಲೆ ಗಮನ ಕೊಡಬೇಕಾದಷ್ಟು ದಿನ ಹಾಡೋಕೆ ಆಗಲ್ಲ. ಮೊದಲು ನುಡಿಸುತ್ತಾ ಯಾರ ಜೊತೆಗಾದರೂ ಮಾತಾಡಿ ನೋಡಿ. ಮಾತಾಡುವಾಗಲೂ ಕೈ ಓಡುತ್ತಿದ್ದರೆ ತಯಾರಾಗಿದ್ದೀರಿ ಅಂತ ಅರ್ಥ. ಆಮೇಲೆ ರಾಗ ಗುನುಗಿ, ಆಮೇಲೆ ಪದ ಸೇರಿಸಿ. ಒಂದೇ ಸಾಲು ತೆಗೆದುಕೊಂಡು, ಯಾವ ಅಕ್ಷರ ಯಾವ ಸ್ಟ್ರಮ್ ಮೇಲೆ ಬೀಳುತ್ತದೆ ಅಂತ ನಿಧಾನಕ್ಕೆ ನೋಡಿಕೊಳ್ಳಿ. ಪದ ತಪ್ಪಿದರೆ ಬಾಯಿ ಮುಚ್ಚಿ ಕೈ ಮುಂದುವರಿಸಿ, ಮುಂದಿನ ಸಾಲಿನಲ್ಲಿ ಸೇರಿಕೊಳ್ಳಿ. ಬಾಯಿ ಪದಗಳ ಲಯಕ್ಕೆ ಕೈಯನ್ನು ಎಳೆಯುತ್ತಿದೆ ಅನ್ನಿಸಿದರೆ ಪ್ಯಾಟರ್ನ್ ಬಿಟ್ಟು ನಾಲ್ಕು ಡೌನ್‌ಗೆ ವಾಪಸ್ ಬನ್ನಿ.

ಸರಿಯಾಗಿದೆಯಾ ಅಂತ ನೋಡುವುದು

ನುಡಿಸುವಾಗ ನಮ್ಮ ಕಿವಿಗೆ ನಮ್ಮ ಲಯದ ದೋಷ ಸರಿಯಾಗಿ ಸಿಗುವುದಿಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ಕಾಲು ತಟ್ಟುತ್ತಾ ಕೇಳಿ. ಕಾಲು ಎಲ್ಲಿ ತಪ್ಪಿತೋ ಅಲ್ಲಿ ಗುರುತು ಹಾಕಿಕೊಳ್ಳಿ. ಮೆಟ್ರೊನೋಮ್ ವೇಗವನ್ನು ಐದೈದೇ ಏರಿಸಿ, ಒಂದು ವೇಗದಲ್ಲಿ ಇಡೀ ಪಲ್ಲವಿ ನಿಲ್ಲದೆ ಬಂದ ಮೇಲೆ ಮುಂದಿನದು. ಹಾಡಿನ ವೇಗ ತಲುಪಿದ ಮೇಲೆ ಮೆಟ್ರೊನೋಮನ್ನು ಅರ್ಧಕ್ಕೆ ಇಳಿಸಿ, 96ರ ಹಾಡಿಗೆ 48, ಆ ಸದ್ದನ್ನು ಎರಡು ಮತ್ತು ನಾಲ್ಕು ಅಂತ ಎಣಿಸಿ ನುಡಿಸಿ. ಒಂದು ಮತ್ತು ಮೂರನ್ನು ಈಗ ನೀವೇ ಹಿಡಿದಿಟ್ಟುಕೊಳ್ಳಬೇಕು. ಕಷ್ಟ ಇದೆ, ಆದರೆ ಲಯ ಗಟ್ಟಿ ಮಾಡೋಕೆ ಇಷ್ಟು ಚೆನ್ನಾಗಿ ಕೆಲಸ ಮಾಡುವ ಅಭ್ಯಾಸ ಕಮ್ಮಿ.

ಕೊನೆಯ ಪರೀಕ್ಷೆ ಮೂಲ ಹಾಡಿನ ಜೊತೆಗೇ. ಹಾಡು ಹಾಕಿ ಜೊತೆಯಲ್ಲಿ ನುಡಿಸಿ, ಪಲ್ಲವಿ ಶುರುವಾದ ಮೇಲೆ ಇನ್ನೊಬ್ಬರಿಗೆ ಹೇಳಿ ಸದ್ದನ್ನು ಪೂರ್ತಿ ಮ್ಯೂಟ್ ಮಾಡಿಸಿ, ನೀವು ನುಡಿಸುತ್ತಲೇ ಇರಿ. ನಾಲ್ಕು ಬಾರ್ ಆದ ಮೇಲೆ ಸದ್ದು ವಾಪಸ್ ಬರಲಿ. ಆಗ ನೀವು ಹಾಡಿಗಿಂತ ಮುಂದೆ ಇದ್ದರೆ ಕೈ ಅವಸರ ಮಾಡಿದೆ, ಹೆಚ್ಚಾಗಿ ಖಾಲಿ ಸ್ಟ್ರಮ್‌ಗಳನ್ನು ಪೂರ್ತಿ ಹಾಯಿಸದೆ ನುಂಗಿರುತ್ತೀರಿ. ಹಿಂದೆ ಇದ್ದರೆ ಯಾವುದೋ ಕಾರ್ಡ್ ಜೋಡಿ ನಿಮ್ಮನ್ನು ತಡೆದಿದೆ. ಆ ಜೋಡಿ ಯಾವುದು ಅಂತ ನಿಮಗೆ ಗೊತ್ತೇ ಇರುತ್ತದೆ, ಟೈಮರ್ ಇಟ್ಟು ಅದನ್ನೇ ಮತ್ತೆ ಹಿಡಿಯಿರಿ.